ಹೈದರಾಬಾದಿನ ಕೃಷ್ಣಮೃಗ ಮತ್ತು ನಿಮ್ಮ ನೋಟ್‌ಬುಕ್ಕು

ಎಲ್.ಬಿ. ನಗರದಲ್ಲಿ ಮೆಟ್ರೊ ಇಳಿದು ವಿಜಯವಾಡ ಹೆದ್ದಾರಿ ಹಿಡಿದರೆ ಕೆಲವೇ ಕಿಲೋಮೀಟರಿಗೆ ವನಸ್ಥಲಿಪುರಂ. ಲಾರಿಗಳು ಓಡಾಡುವ ಆ ರಸ್ತೆಗೆ ತಾಗಿಕೊಂಡೇ ಇದೆ ಮಹಾವೀರ ಹರಿಣ ವನಸ್ಥಲಿ. ನಿಜಾಮರು ಬೇಟೆಯಾಡುತ್ತಿದ್ದ ಬಯಲು ಇದು. ಮಹಾವೀರರ ನಿರ್ವಾಣಕ್ಕೆ 2500 ವರ್ಷ ತುಂಬಿದ ನೆನಪಿಗೆ 1975ರಲ್ಲಿ ಈ ಹೆಸರು ಬಂತು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 14.6 ಚದರ ಕಿಲೋಮೀಟರಿನ ಹುಲ್ಲು ಮತ್ತು ಕುರುಚಲು ಕಾಡು.

ಪ್ರವೇಶದ ಸಮಯ, ವಾರದ ರಜೆ ಮೊದಲೇ ವಿಚಾರಿಸಿಕೊಳ್ಳಿ. ಬಾಗಿಲು ತೆರೆಯುತ್ತಲೇ ಒಳಗಿರಬೇಕು. ಬಿಸಿಲೇರಿದರೆ ಕೃಷ್ಣಮೃಗದ ಹಿಂಡು ನೆರಳು ಸೇರಿಬಿಡುತ್ತದೆ. ಮಣ್ಣಿನ ಬಣ್ಣದ ಬಟ್ಟೆ, ನೀರಿನ ಬಾಟಲಿ, ಒಂದು ದುರ್ಬೀನು ಸಾಕು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು ಕಂಡರೆ ಬೆಳೆದ ಗಂಡು. ಕಂದು ಮೈಯವು ಹೆಣ್ಣು ಅಥವಾ ಎಳೆಯ ಗಂಡು. ಚುಕ್ಕೆ ಜಿಂಕೆಯೂ ಇಲ್ಲಿದೆ, ನೋಟ್‌ಬುಕ್ಕಿನಲ್ಲಿ ಅದಕ್ಕೆ ಬೇರೆ ಸಾಲು.

ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಜಾಗ, ಎಷ್ಟು, ಏನು ಮಾಡುತ್ತಿತ್ತು ಎಂಬುದನ್ನು ನಿಂತಲ್ಲೇ ಬರೆಯಿರಿ. ರೂಮಿಗೆ ಮರಳಿ ಬರೆದರೆ ಆರು ಎಂಟಾಗುತ್ತದೆ. ಗುರುತು ಸಿಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ, ಅದರಲ್ಲಿ ನಾಚಿಕೆಯೇನಿಲ್ಲ. ನೆಹರೂ ಮೃಗಾಲಯದ ಹುಲಿಯನ್ನು ಈ ಪಟ್ಟಿಗೆ ಸೇರಿಸಬೇಡಿ. ಚಿಲ್ಕೂರಿನ ಮೃಗವನಿ ರಾಷ್ಟ್ರೀಯ ಉದ್ಯಾನದಲ್ಲಿ ಕಡವೆ ಕಂಡರೆ ಸೇರಿಸಿ, ಆದರೆ ‘ಬೇಲಿಯೊಳಗೆ’ ಎಂದೂ ಬರೆಯಿರಿ.

ಬರೆದಿಟ್ಟದ್ದಕ್ಕೆ ಬೆಲೆಯಿದೆ. 1931–32ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಅಂದಿನ ಬಯಲಿನಲ್ಲಿ ಏನಿತ್ತೆಂದು ಇಂದು ಹೇಳಲು ಅಂಥ ದಾಖಲೆಗಳೇ ಆಧಾರ.

ಚಳಿಗಾಲದಲ್ಲಿ ಹೋದರೆ ಉಸ್ಮಾನ್ ಸಾಗರ, ಅಮೀನ್‌ಪುರ ಕೆರೆಗಳ ದಂಡೆಗೂ ಒಂದೊಂದು ಬೆಳಗು ಕೊಡಿ. ವಲಸೆ ಹಕ್ಕಿಗಳು ಬಂದಿರುತ್ತವೆ.

ದಸರೆಯ ಹೊತ್ತಿಗೆ ಹೋಗುವವರಿಗೆ ಒಂದು ಮಾತು. ನಮ್ಮ ನೀಲಕಂಠವೇ ಅಲ್ಲಿಯ ಪಾಲಪಿಟ್ಟ. ಕರ್ನಾಟಕ, ತೆಲಂಗಾಣ ಎರಡಕ್ಕೂ ಅದೇ ರಾಜ್ಯಪಕ್ಷಿ. ಹಬ್ಬದ ದಿನ ಅದನ್ನು ನೋಡಿದರೆ ಶುಭವೆಂಬ ನಂಬಿಕೆಯಿರುವುದರಿಂದ ಹಕ್ಕಿಯನ್ನು ಹಿಡಿದು, ಪಂಜರದಲ್ಲಿಟ್ಟು ಕಾಸಿಗೆ ತೋರಿಸುವವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಹಕ್ಕಿಗೂ ಹಿಂಸೆ. ದಯವಿಟ್ಟು ಕಾಸು ಕೊಡಬೇಡಿ. ತಂತಿಯ ಮೇಲೆ ತಾನಾಗಿ ಕೂತದ್ದು ಕಾಣುವವರೆಗೆ ನೋಟ್‌ಬುಕ್ಕಿನಲ್ಲಿ ಅದರ ಸಾಲು ಖಾಲಿಯೇ ಇರಲಿ.