ಕೊಂಡ ಮೇಲಿನ ಕೆಲಸ

ಮೊನ್ನೆ ಊಟಕ್ಕೆ ಕೂತಾಗ ನೀನಾಡಿದ ಮಾತು ನನ್ನ ತಲೆಯಲ್ಲೇ ಉಳಿದಿದೆ, ಮಗೂ. ಷೇರುಪೇಟೆಯಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಒಂದು ಆಟದ ತಂಡವನ್ನೇ ಕೊಳ್ಳುತ್ತೇನೆ ಅಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ದಾರಿ ತುಳಿದವನೊಬ್ಬನ ಕತೆ ನನಗೆ ಗೊತ್ತು.

ಅಮೆರಿಕದ ಜೆಫ್ ವಿನಿಕ್. 1992ರಲ್ಲಿ, ಮೂವತ್ತಮೂರರ ಪ್ರಾಯಕ್ಕೆ, ಫಿಡೆಲಿಟಿ ಕಂಪನಿಯ ಮೆಗೆಲನ್ ಫಂಡ್ ಅವನ ಕೈಗೆ ಬಂತು. ಆಗ ಜಗತ್ತಿನಲ್ಲೇ ಅತಿ ದೊಡ್ಡ ಮ್ಯೂಚುವಲ್ ಫಂಡ್ ಅದು. 1996ರ ಹೊತ್ತಿಗೆ 5,000 ಕೋಟಿ ಡಾಲರ್ ದಾಟಿತ್ತು. ಷೇರು ಇಳಿಯಬಹುದೆಂದು ಎಣಿಸಿ ಒಂದು ದೊಡ್ಡ ಪಾಲನ್ನು ಬಾಂಡಿಗೆ ತಿರುಗಿಸಿದ. ಷೇರು ಏರಿತು. ಅದೇ ವರ್ಷ ಅಲ್ಲಿಂದ ಹೊರಬಿದ್ದು ಸ್ವಂತ ಹೆಡ್ಜ್ ಫಂಡ್ ಕಟ್ಟಿ ಮೇಲೆ ಬಂದ. 2010ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ ತಂಡವನ್ನು ಕೊಂಡ. ಹಾಕಿಯೇ, ಆದರೆ ನಮ್ಮ ಕೊಡಗಿನ ಹುಡುಗರು ಆಡುವ ಹಾಕಿಯಲ್ಲ, ಐಸ್ ಹಾಕಿ. ಅದೂ ಹಿಮದ ಸುಳಿವಿಲ್ಲದ ಫ್ಲಾರಿಡಾದಲ್ಲಿ! 2004ರಲ್ಲಿ ಐಸ್ ಹಾಕಿ ಲೀಗಿನ ಅತಿ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಎತ್ತಿದ್ದ ತಂಡ, ಮಾಲೀಕರೊಳಗಿನ ಒಡಕಿನಿಂದ ಸೊರಗಿ ಹೋಗಿತ್ತು.

ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳು. ನಿನ್ನ ಕಸುಬು ಮೊದಲು ಕಲಿಸುವುದೇ ಕೈಬಿಡುವುದನ್ನು. ಬೆಲೆ ಜಾರಿತೋ, ಮಾರು. ಬೇರೆ ಕಡೆ ಹೂಡು. ಅದು ತಪ್ಪಲ್ಲ. ಮೂವತ್ತು ವರ್ಷ ಲೆಕ್ಕದ ಪುಸ್ತಕ ನೋಡಿದ ನಾನೂ ಅದನ್ನೇ ಹೇಳಿಕೊಟ್ಟೇನು. ಆದರೆ ಊರವರ ಪ್ರೀತಿ ಅಂಟಿದ ವಸ್ತುವನ್ನು ಕೊಂಡ ಮೇಲೆ ಬೇಕಾಗುವುದು ಬೇರೆಯದೇ ಅಭ್ಯಾಸ.

ವಿನಿಕ್ ಆಟಗಾರರನ್ನು ಆರಿಸಲು ತಾನು ಕೂರಲಿಲ್ಲ. ಡೆಟ್ರಾಯಿಟ್ ಪರ ಆಡಿ ಮೂರು ಕಪ್ ಗೆದ್ದಿದ್ದ ಸ್ಟೀವ್ ಐಸರ್ಮನ್‌ಗೆ ಆ ಹೊಣೆ ಒಪ್ಪಿಸಿದ. ಆಟಗಾರರ ಸಂಬಳಕ್ಕೆ ಆ ಲೀಗ್‌ನಲ್ಲಿ ಮಿತಿಯಿದೆ, ದುಡ್ಡು ಸುರಿದು ಗೆಲುವು ಕೊಳ್ಳಲಾಗದು. ಹುಡುಗರನ್ನು ಹುಡುಕಿ ಬೆಳೆಸಬೇಕು. 2011ರಲ್ಲಿ ಲೀಗಿನ ಹೊಸಬರ ಆಯ್ಕೆಯಲ್ಲಿ 58ನೆಯವನಾಗಿ ಆರಿಸಿಕೊಂಡ ರಷ್ಯಾದ ಹುಡುಗ ನಿಕಿತಾ ಕುಚೆರೊವ್, 2019ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನಾದ. ಎಂಟು ವರ್ಷ!

ಆ 2019ರ ಕತೆ ಕೇಳು. 82 ಪಂದ್ಯಗಳಲ್ಲಿ 62 ಗೆಲುವು, ಲೀಗಿನ ಆಗಿನ ದಾಖಲೆಗೆ ಸಮ. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾಳಿ ಕೊಲಂಬಸ್. ಮೊದಲ ಪಂದ್ಯದಲ್ಲಿ 3-0 ಮುಂದಿದ್ದವರು 4-3ರಲ್ಲಿ ಸೋತರು. ಮುಂದಿನ ಮೂರೂ ಸೋಲು. ಅಲ್ಲಿಗೆ ಮುಗಿಯಿತು. ಇಂಥ ದಿನ ಯಾರ ಮೇಲಾದರೂ ತಪ್ಪು ಹೊರಿಸಿ ಮನೆಗೆ ಕಳಿಸುವುದು ಸುಲಭ. ಕೋಚ್ ಜಾನ್ ಕೂಪರ್‌ನನ್ನು ಕಳಿಸಲಿಲ್ಲ. ತಂಡದ ಬೆನ್ನೆಲುಬನ್ನು ಮುರಿಯಲಿಲ್ಲ. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಕಾಲದ ಎಡ್ಮಂಟನ್‌ನಲ್ಲಿ, ಪ್ರೇಕ್ಷಕರೇ ಇಲ್ಲದ ಅಂಗಣದಲ್ಲಿ ಅದೇ ತಂಡ ಕಪ್ ಗೆದ್ದಿತು. ಮರುವರ್ಷ ಜುಲೈನಲ್ಲಿ ಮತ್ತೆ, ಈ ಸಲ ಟ್ಯಾಂಪಾದಲ್ಲೇ, ಊರವರ ಕಣ್ಣೆದುರು.

ನನಗೆ ಕಪ್‌ಗಿಂತ ಹಿಡಿಸುವುದು ಇನ್ನೊಂದು. ತಂಡ ಆಡುವ ಕ್ರೀಡಾಂಗಣ ವಿನಿಕ್‌ನದಲ್ಲ, ಅಲ್ಲಿನ ಹಿಲ್ಸ್‌ಬರೋ ಕೌಂಟಿಯದು. ಆದರೂ ಬಂದ ಹೊಸತರಲ್ಲೇ ಅದರ ದುರಸ್ತಿಗೆ ಕೋಟಿಗಟ್ಟಲೆ ಡಾಲರ್ ಸ್ವಂತ ಹಣ ಹಾಕಿದ. ದೊಡ್ಡದೊಂದು ಆರ್ಗನ್ ವಾದ್ಯ ಇಡಿಸಿದ. 2011ರಿಂದ, ತವರಿನ ಪ್ರತಿ ಪಂದ್ಯದಂದು ಊರಿಗಾಗಿ ದುಡಿದ ಒಬ್ಬರನ್ನು ಗೌರವಿಸಿ, ಅವರು ಹೇಳಿದ ಸೇವಾಸಂಸ್ಥೆಗೆ 50,000 ಡಾಲರ್ ಕೊಡುವ ಪದ್ಧತಿ ತಂದ. ಆಗ ಸೀಸನ್ನಿಗೆ ತವರಿನ ಪಂದ್ಯ 41. ಗುಣಿಸಿ ನೋಡು. ಯಾವ ಬ್ಯಾಲೆನ್ಸ್ ಶೀಟೂ ಅದನ್ನು ಕೇಳಿರಲಿಲ್ಲ.

2024ರಲ್ಲಿ ಅವನೂ ತಂಡದ ಬಹುಪಾಲನ್ನು ಮಾರಿದ, ಕೊಂಡ ಗುಂಪಿನ ಮುಂದಾಳುಗಳೂ ಹಣಕಾಸಿನವರೇ. ಮಾರುವುದೇ ಬೇಡ ಅಂತ ನಾನು ಹೇಳುತ್ತಿಲ್ಲ, ಮಗೂ.

ಮುಂದಿನ ಸಲ ಬರುವಾಗ ಒಂದು ಹಾಳೆಯಲ್ಲಿ ಬರೆದು ತಾ. 2012, 2013, 2017: ತಂಡ ಪ್ಲೇಆಫ್‌ಗೂ ಹೋಗದ ವರ್ಷಗಳು. 2015: ಫೈನಲ್‌ನಲ್ಲಿ ಸೋಲು. 2019: ಈಗ ಹೇಳಿದೆನಲ್ಲ. ಇವುಗಳಲ್ಲಿ ಯಾವ ವರ್ಷ ನೀನು ತಂಡವನ್ನು ಮಾರಿಬಿಡುತ್ತಿದ್ದೆಯೋ ಅದರ ಎದುರು ಗುರುತು ಹಾಕು. ನನ್ನನ್ನು ಮೆಚ್ಚಿಸಲು ಬರೆಯಬೇಡ. ಇದ್ದದ್ದನ್ನು ಬರೆ; ಕೂತು ಮಾತಾಡೋಣ.