ಮುರಿದ ಅಚ್ಚು ಕಲಿಸಿದ ಪಾಠ



ಸೈಕಲ್ಲನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಮುಂಬಯಿಯ ಬೀದಿಗಳಲ್ಲಿ ಡಬ್ಬಾವಾಲರೂ ಪತ್ರಿಕೆ ಹಂಚುವವರೂ ಇಂದಿಗೂ ಅದನ್ನು ನಂಬಿ ದುಡಿಯುತ್ತಾರೆ. ಆದರೆ ಅದರ ಹಿಂಚಕ್ರದ ನಡುವಿನ ಹಬ್ಬಿನೊಳಗೆ ಏನಿದೆಯೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಕಳೆದ ಮಳೆಗಾಲದಲ್ಲಿ ಅದನ್ನು ತಿಳಿಯುವ ಪ್ರಸಂಗವೊಂದು ನಮಗೆ ಒದಗಿತು.

ನಮ್ಮ ವಿದ್ಯಾರ್ಥಿಯೊಬ್ಬನ ಅಣ್ಣನು ಬೆಳಗಿನ ಜಾವ ಮನೆಮನೆಗೆ ಪತ್ರಿಕೆ ಹಾಕಿ ತಮ್ಮನ ಓದಿನ ವೆಚ್ಚವನ್ನು ನಿರ್ವಹಿಸುತ್ತಾನೆ. ಒಂದು ದಿನ ಅವನ ಸೈಕಲ್ಲಿನ ಹಿಂಚಕ್ರವು ಅತ್ತಿತ್ತ ಓಲಾಡಿ, ಟೈರು ಚೌಕಟ್ಟಿಗೆ ಉಜ್ಜತೊಡಗಿತು. ಬಿಚ್ಚಿ ನೋಡಲಾಗಿ ಹಬ್ಬಿನ ಅಚ್ಚು ಎರಡು ತುಂಡಾಗಿತ್ತು. ನಾವು ಹೊಸ ಅಚ್ಚನ್ನು ಹಾಕಿ ಕಳುಹಿಸಿದೆವು. ಎರಡು ತಿಂಗಳೊಳಗೆ ಅದೂ ಅದೇ ಸ್ಥಳದಲ್ಲಿ ಮುರಿಯಿತು. ನಾವು ಮುರಿದುದನ್ನು ಬದಲಿಸಿದ್ದೆವೇ ಹೊರತು, ಏಕೆ ಮುರಿಯಿತೆಂದು ವಿಚಾರಿಸಿರಲಿಲ್ಲ.

ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ; ಸವೆಯದಿರಲೆಂದು ಕೀಲೆಣ್ಣೆ ಹಾಕುವರು. ಸೈಕಲ್ಲಿನಲ್ಲಿಯೂ ಹಾಗೆಯೇ. ಆದರೆ ಇಲ್ಲಿ ಹಬ್ಬು ಉಕ್ಕಿನ ಗುಂಡುಗಳ ಮೇಲೆ ಉರುಳುತ್ತದೆ. ಸಾಮಾನ್ಯ ಸೈಕಲ್ಲಿನ ಹಿಂಚಕ್ರದಲ್ಲಿ ಪಕ್ಕಕ್ಕೆ 9ರಂತೆ, ¼ ಅಂಗುಲ ವ್ಯಾಸದ 18 ಗುಂಡುಗಳಿರುತ್ತವೆ. ಅಚ್ಚಿನ ಮೇಲೆ ತಿರುಗಿಸಿ ಕೂರಿಸುವ ಕೋನ್ ಎಂಬ ಭಾಗವು ಅವುಗಳನ್ನು ಹಬ್ಬಿನ ಬಟ್ಟಲಿನಲ್ಲಿ ಹಿಡಿದಿಡುತ್ತದೆ.

ಅಚ್ಚು ಬಲಗಡೆಯಲ್ಲಿಯೇ ಹೆಚ್ಚಾಗಿ ಮುರಿಯುವುದೇಕೆ? ಆ ಕಡೆ ಗುಂಡುಗಳಿಗೂ ಚೌಕಟ್ಟಿಗೂ ನಡುವೆ ಫ್ರೀವೀಲ್ ಇದೆ. ಆದುದರಿಂದ ಅಲ್ಲಿ ಅಚ್ಚಿನ ಆಧಾರವಿಲ್ಲದ ಭಾಗವು ಉದ್ದವಾಗಿ, ಭಾರ ಬಿದ್ದಾಗಲೆಲ್ಲ ಸ್ವಲ್ಪ ಬಾಗುತ್ತದೆ. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5ರಿಂದ 6 ಮೀಟರು ಸಾಗುವುದು. ಆ ಸುತ್ತಿನಲ್ಲಿ ಎರಡು ತುಳಿತಗಳು. ಅಂದರೆ ಒಂದು ಕಿಲೋಮೀಟರಿಗೆ 300ಕ್ಕೂ ಹೆಚ್ಚು ಸಲ ಸರಪಣಿಯು ಅಚ್ಚನ್ನು ಜಗ್ಗುತ್ತದೆ. ರಸ್ತೆಯ ಹಳ್ಳದಿಣ್ಣೆಗಳ ಪೆಟ್ಟು ಬೇರೆ. ಒಂದೇ ಏಟಿಗೆ ಮುರಿಯದ ಉಕ್ಕು ಲಕ್ಷಾಂತರ ಸಣ್ಣ ಏಟುಗಳಿಗೆ ಸೋಲಬಲ್ಲದು. ಹನಿ ಹನಿಗೂಡಿದರೆ ಹಳ್ಳವಲ್ಲವೇ? ಇದಕ್ಕೆ ಲೋಹದ ಆಯಾಸವೆಂದು ಹೆಸರು. ಜರ್ಮನ್ ಇಂಜಿನಿಯರ್ ಆಗಸ್ಟ್ ವ್ಯೋಲರ್ ರೈಲುಗಾಡಿಯ ಅಚ್ಚುಗಳು ಮುರಿಯುವುದನ್ನು ಕಂಡು, 1850 ಮತ್ತು 1860ರ ದಶಕಗಳಲ್ಲಿ ಈ ವಿಷಯವನ್ನು ಪ್ರಯೋಗಗಳಿಂದ ಸ್ಥಾಪಿಸಿದನು.

ನಮ್ಮ ತುಂಡಿನ ಮುಖದಲ್ಲಿಯೂ ಅದೇ ಕಥೆ ಬರೆದಿತ್ತು. ಒಂದು ಭಾಗ ನಯವಾಗಿ ಕಪ್ಪಾಗಿತ್ತು. ಅದು ಮೆಲ್ಲಮೆಲ್ಲನೆ ಬೆಳೆದ ಹಳೆಯ ಬಿರುಕು. ಉಳಿದ ಭಾಗ ಒರಟಾಗಿ ಹೊಳೆಯುತ್ತಿತ್ತು; ಅದು ಕೊನೆಗೆ ಒಮ್ಮೆಲೇ ಮುರಿದದ್ದು.

ಇನ್ನು ದುರಸ್ತಿಯ ಕ್ರಮವನ್ನು ನೋಡೋಣ. ಗುಂಡುಗಳು ಉರುಳಿಹೋಗದಂತೆ ಕೆಳಗೆ ಬಟ್ಟೆ ಹಾಸಬೇಕು. ಚಕ್ರವನ್ನು ಹೊರತೆಗೆಯುವಾಗ ನಟ್ಟು, ವಾಷರುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ಹಬ್ಬನ್ನೂ ಕೋನ್‌ಗಳನ್ನೂ ಸೀಮೆಎಣ್ಣೆಯಿಂದ ತೊಳೆದು, ಅವುಗಳಲ್ಲಿ ಗುಳಿ ಬಿದ್ದಿದೆಯೋ ಎಂದು ಪರೀಕ್ಷಿಸಬೇಕು. ಗುಳಿಬಿದ್ದ ಕೋನ್ ಕೆಲಸಕ್ಕೆ ಬಾರದು. ಹಳೆಯ ತುಂಡುಗಳನ್ನು ಅಂಗಡಿಗೆ ಒಯ್ದು ಅದೇ ದಪ್ಪ, ಅದೇ ಉದ್ದ, ಅದೇ ಮರೆಯ ಅಚ್ಚನ್ನು ತರತಕ್ಕದ್ದು. ಹಳೆಯ ಗುಂಡುಗಳ ಜೊತೆ ಹೊಸತನ್ನು ಬೆರೆಸದೆ ಹದಿನೆಂಟನ್ನೂ ಬದಲಿಸುವುದು ಲೇಸು. ಬಟ್ಟಲಿಗೆ ಗ್ರೀಸು ತುಂಬಿ ಗುಂಡುಗಳನ್ನು ಕೂರಿಸಿ, ಕೋನನ್ನು ಬೆರಳಿನಿಂದ ಬಿಗಿದು, ತುಸುವೇ ಸಡಿಲಿಸಿ, ಮೇಲಿನ ನಟ್ಟಿನಿಂದ ಭದ್ರಪಡಿಸಬೇಕು. ಚಕ್ರ ಅಲುಗಬಾರದು, ಬಿಗಿಯಾಗಿ ತಿರುಗಲೂಬಾರದು.

ಎರಡನೆಯ ಸಲ ಚಕ್ರವನ್ನು ಜೋಡಿಸುವ ಮೊದಲು ನಾವು ಇನ್ನೊಂದು ಪರೀಕ್ಷೆ ಮಾಡಿದೆವು. ಬರಿಯ ಅಚ್ಚನ್ನು ಚೌಕಟ್ಟಿನ ಹಿಂಗವಲಿನ ಬಲತುದಿಗೆ ಮಾತ್ರ ಎರಡು ನಟ್ಟುಗಳಿಂದ ಬಿಗಿದೆವು. ಅದರ ಇನ್ನೊಂದು ತುದಿ ಎದುರಿನ ಸೀಳಿಗೆ ನೇರವಾಗಿ ನಿಲ್ಲಬೇಕಷ್ಟೆ, ನಿಲ್ಲಲಿಲ್ಲ! ಹಿಂದೊಮ್ಮೆ ಸೈಕಲ್ಲು ಬಲಮಗ್ಗುಲಿಗೆ ಬಿದ್ದಿತ್ತೆಂದು ಆಗ ಅಣ್ಣನಿಗೆ ನೆನಪಾಯಿತು. ಕವಲಿನ ತುದಿ ಸೊಟ್ಟಾಗಿದ್ದರಿಂದ ನಟ್ಟು ಬಿಗಿದಾಗಲೇ ಅಚ್ಚು ಬಾಗುತ್ತಿತ್ತು. ಅನುಭವಿಯಾದ ರಿಪೇರಿಯವರಿಂದ ಅದನ್ನು ನೇರಗೊಳಿಸಿದ ಬಳಿಕ ಮೂರನೆಯ ಅಚ್ಚನ್ನು ಹಾಕಿದೆವು. ಅದು ಇಂದಿಗೂ ಗಟ್ಟಿಯಾಗಿದೆ. ಪತ್ರಿಕೆಗಳೂ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿವೆ.

ಲೆಕ್ಕ ತಪ್ಪಿದಾಗ ಉತ್ತರವನ್ನಷ್ಟೇ ಅಳಿಸಿ ತಿದ್ದಿಕೊಂಡರೆ ಮುಂದಿನ ಲೆಕ್ಕವೂ ತಪ್ಪುತ್ತದೆ. ಎಲ್ಲಿ ತಪ್ಪಿತೆಂದು ಹುಡುಕಬೇಕು. ಮುರಿದ ತುಂಡನ್ನು ಎಸೆಯುವ ಮೊದಲು ನೀವೂ ಒಮ್ಮೆ ಅದರ ಮುಖವನ್ನು ನೋಡಿರಿ.