ಎನಾಮಲ್‌ಗೆ ಹಿಡಿದ ಅಂಟು

ಮಾನವದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಎಲುಬಲ್ಲ. ಹಲ್ಲಿನ ಮೇಲಣ ಬಿಳಿಯ ಹೊದಿಕೆಯಾದ ಎನಾಮಲ್. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಗಾಯಗೊಂಡ ಚರ್ಮ ಮಾಯುತ್ತದೆ. ಒಡೆದುಹೋದ ಎನಾಮಲ್ ಮಾತ್ರ ಮತ್ತೆ ಬೆಳೆಯಲಾರದು. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಹೊರಗೆ ಮೂಡುವ ವೇಳೆಗೇ ನಶಿಸಿರುತ್ತವೆ.

ಆದುದರಿಂದ ಆಟದಲ್ಲಿ ಬಿದ್ದು ಮುಂಬಲ್ಲಿನ ತುದಿ ಮುರಿದುಕೊಂಡ ಬಾಲಕನಿಗೆ ಹಿಂದಿನ ವೈದ್ಯರು ಹೇಳಬಹುದಾಗಿದ್ದ ಸಮಾಧಾನ ಅಲ್ಪವೇ. ಸದಾ ತೇವವಾಗಿರುವ ಬಾಯಿಯಲ್ಲಿ, ನುಣುಪಾದ ಎನಾಮಲ್ ಮೇಲೆ ಅಂಟು ನಿಲ್ಲುತ್ತಿರಲಿಲ್ಲ. ತುಂಬಿದ ವಸ್ತು ಉದುರದಿರಲೆಂದು ಹಲ್ಲಿನ ಆರೋಗ್ಯವಂತ ಭಾಗವನ್ನೂ ಕೊರೆದು, ಒಳಗೆ ಅಗಲವಾಗಿಯೂ ಬಾಯಲ್ಲಿ ಕಿರಿದಾಗಿಯೂ ಇರುವ ಕುಳಿಯನ್ನು ಮಾಡಬೇಕಾಗುತ್ತಿತ್ತು. ಹಲ್ಲನ್ನು ಉಳಿಸಲು ಹಲ್ಲನ್ನೇ ಕಳೆಯುವ ಚಿಕಿತ್ಸೆ ಅದು!

1955ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ದಂತವಿಜ್ಞಾನಿ ಮೈಕೇಲ್ ಬುವೊನೊಕೋರ್ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲವನ್ನು ಬಳಸುತ್ತಿದ್ದುದು ಅವರಿಗೆ ತಿಳಿದಿತ್ತು. ಅದೇ ಆಮ್ಲವನ್ನು, ಶೇಕಡ 85ರ ಪ್ರಬಲತೆಯಲ್ಲಿ, 30 ಸೆಕೆಂಡುಗಳ ಕಾಲ ಹಲ್ಲಿಗೆ ಹಚ್ಚಿ ತೊಳೆದು, ಅದರ ಮೇಲೆ ಅಕ್ರಿಲಿಕ್ ರಾಳದ ತೊಟ್ಟನ್ನು ಇಟ್ಟರು. ಆಮ್ಲ ಸೋಂಕದ ಹಲ್ಲಿನ ಮೇಲೆ ಇಟ್ಟ ತೊಟ್ಟುಗಳು ಬೇಗನೆ ಕಳಚಿದವು. ಆಮ್ಲ ಹಚ್ಚಿದಲ್ಲಿ ಅವು ಬಹುಕಾಲ ನಿಂತವು.

ಹಲ್ಲಿನ ಶತ್ರುವೆಂದು ಮಕ್ಕಳಿಗೆ ಹೇಳಿಕೊಡುವ ಆಮ್ಲವೇ ಇಲ್ಲಿ ನೆರವಿಗೆ ಬಂದುದು ವಿಚಿತ್ರವೆನಿಸಬಹುದು. ಎನಾಮಲ್ ಕೇವಲ ಒಂದು ಪದರವಲ್ಲ; ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು ದಪ್ಪವಿರುವ ಅಸಂಖ್ಯ ಕಡ್ಡಿಗಳು ಒತ್ತಾಗಿ ಸೇರಿ ಅದಾಗಿದೆ. ಆಮ್ಲವು ಕಡ್ಡಿಯ ನಡುಭಾಗವನ್ನೂ ಅಂಚನ್ನೂ ಒಂದೇ ಸಮನಾಗಿ ಕರಗಿಸುವುದಿಲ್ಲ. ಹೀಗೆ ಉಂಟಾದ ಸೂಕ್ಷ್ಮ ಕುಳಿಗಳೊಳಕ್ಕೆ ದ್ರವರೂಪದ ರಾಳ ಹರಿದು, ಅಲ್ಲಿಯೇ ಗಟ್ಟಿಯಾಗಿ ಬೇರುಬಿಟ್ಟಂತೆ ನಿಲ್ಲುತ್ತದೆ. ಹೊಸ ಗಾರೆ ಬಳಿಯುವ ಮುನ್ನ ಕೆಲಸಗಾರನು ಹಳೆಯ ಗೋಡೆಗೆ ಕಚ್ಚು ಹಾಕುವುದೂ ಇದಕ್ಕಾಗಿಯೇ.

ಇಂದು ಶೇಕಡ 35ರಿಂದ 37ರಷ್ಟು ಆಮ್ಲವನ್ನು 15ರಿಂದ 30 ಸೆಕೆಂಡು ಹಚ್ಚುವುದು ವಾಡಿಕೆ. ತೊಳೆದು ಒಣಗಿಸಿದಾಗ ಹಲ್ಲು ಸೀಮೆಸುಣ್ಣದಂತೆ ಬೆಳ್ಳಗಾದರೆ ವೈದ್ಯರಿಗೆ ತೃಪ್ತಿ. ಆಗ ಎಂಜಲು ತಾಕಿತೋ, ಅದರ ಪೊರೆ ಕುಳಿಗಳನ್ನು ಮುಚ್ಚಿ ಅಂಟು ಸೋಲುತ್ತದೆ. ಹಲ್ಲನ್ನು ಬಿಳುಪುಮಾಡಿಸಿಕೊಂಡ ಕೂಡಲೇ ರಾಳ ಹಚ್ಚಿದರೂ ಫಲವಿಲ್ಲ. ಒಳಗುಳಿದ ಆಮ್ಲಜನಕವು ರಾಳವನ್ನು ಪೂರ್ಣವಾಗಿ ಗಟ್ಟಿಯಾಗಗೊಡದು. ಅದಕ್ಕಾಗಿ ಒಂದೆರಡು ವಾರ ಕಾಯಬೇಕು.

ಕೋಲಾರ, ಪಾವಗಡಗಳಂತಹ ಬಯಲುಸೀಮೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟುವುದಲ್ಲದೆ, ಅದರ ಹೊರಪದರವು ಆಮ್ಲಕ್ಕೂ ಸುಲಭವಾಗಿ ಮಣಿಯದು. ಅಲ್ಲಿನ ದಂತವೈದ್ಯರು ಆ ಪದರವನ್ನು ತುಸು ಉಜ್ಜಿ ತೆಗೆಯಬೇಕಾಗುತ್ತದೆ, ಇಲ್ಲವೆ ಆಮ್ಲವನ್ನು ಇನ್ನಷ್ಟು ಹೊತ್ತು ಬಿಡಬೇಕಾಗುತ್ತದೆ.